ಮೈ ಕೆಂಪಾದಾಗ, ತುರಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಹತ್ತಿರ ಒಂದು ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತು ನನಗೆ 20 ವರ್ಷ ದಾಟಿತು. ಕಾಸರಗೋಡಿನ ಮಳೆಗಾಲದಲ್ಲಿ ಶೀತದ ಮದ್ದು ಬಿಟ್ಟರೆ ಜನ ಹೆಚ್ಚು ಕೇಳುವುದು ತುರಿಕೆಯ ಮದ್ದು. ಅಂಗಡಿಯಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆಗಳು. ಕೇಳಿದವರ ಮಾತನ್ನು ಹಾಗೆಯೇ ಇಟ್ಟು ಉತ್ತರ ಬರೆದಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಅದು ನೆನಪಿರಲಿ.

## ಮೊದಲಿಗೆ

ಅಣ್ಣಾ, ಕೈ ಮೇಲೆ ಕೆಂಪಗೆ ಎದ್ದಿದೆ. ಒಂದು ಟ್ಯೂಬು ಕೊಡಿ, ಸಾಕಲ್ವಾ?

ಸಾಕಾಗುವುದಿಲ್ಲ. ಕೆಂಪಾಗುವುದು, ಊದುವುದು, ತುರಿಸುವುದು ಚರ್ಮ ಹಾಕುವ ಬೊಬ್ಬೆ ಅಷ್ಟೆ. ಯಾಕೆ ಬೊಬ್ಬೆ ಹಾಕಿತು ಎಂಬುದು ಬೇರೆ ಮಾತು. ಗೇರಿನ ಸೊನೆ ತಾಗಿದರೂ ಕೆಂಪಾಗುತ್ತದೆ, ಫಂಗಸ್ ಬಂದರೂ ಕೆಂಪಾಗುತ್ತದೆ. ಒಂದಕ್ಕೆ ಆಗುವ ಮದ್ದು ಇನ್ನೊಂದನ್ನು ಹಬ್ಬಿಸುತ್ತದೆ.

ಹಾಗಾಗಿ ನಾನು ತಿರುಗಿ ಕೇಳುತ್ತೇನೆ. ಎಷ್ಟು ದಿನ ಆಯಿತು? ಅದರ ಹಿಂದಿನ ದಿನ ಏನು ಮುಟ್ಟಿದಿರಿ? ರಾತ್ರಿ ಜಾಸ್ತಿಯಾ? ಮನೆಯಲ್ಲಿ ಬೇರೆಯವರಿಗೂ ಉಂಟಾ? ಈಗಾಗಲೇ ಏನು ಹಚ್ಚಿದ್ದೀರಿ? ಕೊನೆಯ ಪ್ರಶ್ನೆಗೆ ಯಾರೂ ಬೇಗ ಉತ್ತರ ಕೊಡುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಮೈಬಣ್ಣದಲ್ಲಿ ‘ಕೆಂಪು’ ಯಾವಾಗಲೂ ಕೆಂಪಾಗಿ ಕಾಣುವುದಿಲ್ಲ. ಕಂದು, ನೇರಳೆ ಅಥವಾ ಬರೀ ಕಪ್ಪಾಗಿ ಕಾಣಬಹುದು. ಮುಟ್ಟಿ ನೋಡಿ. ಬಿಸಿ ಉಂಟಾ, ದಪ್ಪ ಆಗಿದೆಯಾ ಎಂದು ಗೊತ್ತಾಗುತ್ತದೆ.

ಏನಂತ ಗೊತ್ತಾಗುವ ತನಕ ಸುಮ್ನೆ ಕೂತ್ಕೊಳ್ಳುವುದಾ?

ಬೇಡ. ಹೆಚ್ಚಿನದಕ್ಕೆಲ್ಲ ಆಗುವ ಮೂರು ಕೆಲಸ ಉಂಟು. ತಾಗಿದ್ದನ್ನು ತೊಳೆಯಿರಿ: ಸಾದಾ ಸೋಪು, ಧಾರಾಳ ನೀರು, ಉಜ್ಜದೆ. ಆಮೇಲೆ ಹಳೆಯ ಹತ್ತಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, 10–15 ನಿಮಿಷ ಮೇಲಿಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಐಸನ್ನು ನೇರ ಇಡಬೇಡಿ, ಬಟ್ಟೆಯಲ್ಲಿ ಸುತ್ತಿ ಇಡಿ. ಚರ್ಮ ಒಣಗಿ ಬಿರಿದಿದ್ದರೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರು ಜಿನುಗುತ್ತಿದ್ದರೆ ಜೆಲ್ಲಿ ಬೇಡ, ಒದ್ದೆಬಟ್ಟೆಯೇ ಸಾಕು.

ಉಗುರು ಕತ್ತರಿಸಿ. ನಗಬೇಡಿ, ಅರ್ಧ ಕೇಸು ಕೆಡುವುದು ಉಗುರಿನಿಂದಲೇ.

ಬಿಸಿಬಿಸಿ ನೀರು ಹೊಯ್ದರೆ ಎಷ್ಟು ಸುಖ! ಅದು ಒಳ್ಳೆಯದಲ್ವಾ?

ಆ ಹೊತ್ತಿಗೆ ಸುಖ. ಹಂಡೆಯ ನೀರು ಚರ್ಮದ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ತುರಿಕೆ ಎರಡರಷ್ಟು ಆಗುತ್ತದೆ. ಉಗುರುಬೆಚ್ಚಗೆ ಸಾಕು. ಮಿಂದು ಮೈ ಒರೆಸಿದ ಕೂಡಲೇ, ಚರ್ಮ ಇನ್ನೂ ಹಸಿ ಇರುವಾಗ, ಎಣ್ಣೆ ಅಥವಾ ಜೆಲ್ಲಿ ಹಚ್ಚಿ.

ತೆಂಗಿನೆಣ್ಣೆ ಎಲ್ಲದಕ್ಕೂ ಆಗ್ತದಲ್ಲ?

ನಮ್ಮೂರಿನಲ್ಲಿ ತೆಂಗಿನೆಣ್ಣೆಯ ವಿರುದ್ಧ ಮಾತಾಡಿದರೆ ಮನೆಗೆ ಸೇರಿಸುವುದಿಲ್ಲ! ನಾನೂ ವಿರುದ್ಧ ಇಲ್ಲ. ಒಣ ಚರ್ಮಕ್ಕೆ, ಚಳಿಗೆ ಒಡೆದ ಕಾಲಿಗೆ, ಎಕ್ಸಿಮಾ (ಚರ್ಮ ಒಣಗಿ ತುರಿಸುತ್ತಲೇ ಇರುವ ಕಾಯಿಲೆ) ಇರುವವರು ಮಿಂದ ಮೇಲೆ ಹಚ್ಚುವುದಕ್ಕೆ ಅದು ಚೆನ್ನಾಗಿ ಆಗುತ್ತದೆ. ಅಗ್ಗ, ಮನೆಯಲ್ಲೇ ಇರುತ್ತದೆ, ವಾಸನೆಗೆ ಹಾಕಿದ ರಾಸಾಯನಿಕ ಇಲ್ಲ.

ಆಗದ ಜಾಗಗಳೂ ಉಂಟು. ಬೆವರುಸಾಲೆಗೆ ಬೇಡ. ಅಲ್ಲಿ ಬೆವರಿನ ದಾರಿಯೇ ಕಟ್ಟಿದೆ, ಮೇಲಿಂದ ಎಣ್ಣೆ ಹಚ್ಚಿದರೆ ಇನ್ನೂ ಕಟ್ಟುತ್ತದೆ. ತೊಡೆಸಂದಿಯ ಫಂಗಸ್‌ಗೆ ಬೇಡ, ಅಲ್ಲಿ ಬೇಕಾದದ್ದು ಒಣಗುವುದು. ತಲೆಹೊಟ್ಟಿಗಂತೂ ಜನ ಎಣ್ಣೆ ಸುರಿಯುತ್ತಾರೆ. ತಲೆಹೊಟ್ಟಿಗೆ ಕಾರಣವಾಗುವ ಯೀಸ್ಟ್ ಜಿಡ್ಡನ್ನೇ ತಿಂದು ಬದುಕುವಂಥದ್ದು. ಹೊಟ್ಟು ಎದ್ದು ತಲೆ ಕೆಂಪಾಗಿದ್ದರೆ ಎಣ್ಣೆ ನಿಲ್ಲಿಸಿ ಕೀಟೋಕೊನಜೋಲ್ ಶಾಂಪೂ ಹಾಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ವಾರಕ್ಕೆ ಎರಡು ಸಲದಂತೆ ಎರಡು ಮೂರು ವಾರ.

ಅರಸಿನ, ಬೇವು, ಲೋಳೆಸರ, ಲಿಂಬೆ... ಯಾವುದು ಹಚ್ಚಬಹುದು?

ಲೋಳೆಸರ ಹಚ್ಚಬಹುದು, ಆದರೆ ಎಲೆ ಕೊಯ್ದ ಕೂಡಲೇ ಇಳಿಯುವ ಹಳದಿ ರಸ ಉರಿಸುತ್ತದೆ. ಎಲೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆ ರಸ ಪೂರ್ತಿ ಇಳಿಸಿ. ಸಿಪ್ಪೆ ತೆಗೆದು ಒಳಗಿನ ಬಿಳಿ ಲೋಳೆ ಮಾತ್ರ ಹಚ್ಚಿ. ಅರಸಿನ ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಕೆಲವರಿಗೆ ಅದರಿಂದಲೇ ಅಲರ್ಜಿ ಬರುತ್ತದೆ. ಹಣೆಯಲ್ಲಿ ಕುಂಕುಮ ಇಡುವ ಜಾಗದಲ್ಲೇ ತುರಿಸುವವರನ್ನು ನೀವೂ ನೋಡಿರಬಹುದು. ಬೇವಿನೆಲೆ ಹಾಕಿ ಕುದಿಸಿದ ನೀರು ಆರಿದ ಮೇಲೆ ಮೀಯುವುದಕ್ಕೆ ಅಡ್ಡಿಯಿಲ್ಲ.

ಲಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಟೂತ್‌ಪೇಸ್ಟ್, ಸೀಮೆಎಣ್ಣೆ ಬೇಡವೇ ಬೇಡ. ಬೆಳ್ಳುಳ್ಳಿ ಕಟ್ಟಿ ಚರ್ಮ ಸುಟ್ಟುಕೊಂಡು ಬಂದವರನ್ನು ಕಂಡಿದ್ದೇನೆ. ಲಿಂಬೆರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಗುಳ್ಳೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ನೀರು ಬೆರೆಸದ ಆಂಟಿಸೆಪ್ಟಿಕ್ ದ್ರವವೂ ಹಾಗೆಯೇ. ಇದು ನನ್ನದೇ ಅನುಭವ. ಅಂಗಡಿಗೆ ಸೇರಿದ ಹೊಸತರಲ್ಲಿ ಕಾಲಿನ ಚಿಕ್ಕ ತುರಿಕೆಗೆ ಹಾಗೆಯೇ ಹಚ್ಚಿ, ಅಂಗೈಯಗಲ ಸಿಪ್ಪೆ ಎದ್ದಿತ್ತು.

ನನ್ನ ಮೆಚ್ಚಿನ ಮನೆಮದ್ದನ್ನು ಯಾರೂ ಕೇಳುವುದಿಲ್ಲ. ಅದು ಗಂಜಿತಿಳಿ. ಉಪ್ಪು ಹಾಕದ, ಆರಿದ ತಿಳಿಯನ್ನು ಮೀಯುವ ನೀರಿಗೆ ಬೆರೆಸಿ ಮೈಗೆ ಹೊಯ್ದುಕೊಳ್ಳಿ. ಅಕ್ಕಿಯ ಪಿಷ್ಟ ಚರ್ಮವನ್ನು ತಣಿಸುತ್ತದೆ.

ಆ ಗುಲಾಬಿ ಬಣ್ಣದ ಲೋಶನ್ ಯಾವುದಕ್ಕೆ?

ಕ್ಯಾಲಮೈನ್. ಸತುವಿನ ಆಕ್ಸೈಡಿಗೆ ಚೂರು ಕಬ್ಬಿಣದ ಆಕ್ಸೈಡ್ ಸೇರಿದ್ದು, ಆ ಬಣ್ಣ ಅದರಿಂದ. ಸೊಳ್ಳೆ ಕಚ್ಚಿದ್ದಕ್ಕೆ, ಬೆವರುಸಾಲೆಗೆ, ಕಂಬಳಿಹುಳ ತಾಗಿದ್ದಕ್ಕೆ, ಚಿಕನ್‌ಪಾಕ್ಸ್ ತುರಿಕೆಗೆ ಆಗುತ್ತದೆ. ಬಾಟಲಿ ಕುಲುಕಿ ಹಚ್ಚಿ. ಒಣ ಎಕ್ಸಿಮಾಕ್ಕೆ ಬೇಡ, ಇನ್ನೂ ಒಣಗಿಸುತ್ತದೆ.

## ತೋಟ ಮತ್ತು ಮಳೆ

ಗೇರುಬೀಜ ಸುಟ್ಟು ಕೈ ಎಲ್ಲ ಕಪ್ಪಾಗಿ ಸುಲಿಯುತ್ತಾ ಉಂಟು. ಏನು ಹಚ್ಚುವುದು?

ಗೇರುಬೀಜದ ಸಿಪ್ಪೆಯೊಳಗೆ ಜೇನುಗೂಡಿನ ಹಾಗೆ ಕೋಣೆಗಳು ಉಂಟು, ಅದರಲ್ಲಿ ಸೊನೆ ತುಂಬಿರುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮವನ್ನು ಸುಡುತ್ತವೆ. ಕೆಲವರಿಗೆ ಇದರ ಮೇಲೆ ಅಲರ್ಜಿಯೂ ಸೇರಿಕೊಳ್ಳುತ್ತದೆ. ಆಗ ಸೊನೆ ನೇರ ತಾಗದ ಕಣ್ಣಿನ ರೆಪ್ಪೆ ಕೂಡ ಊದಬಹುದು. ಸೊನೆಯ ಕೈಯಲ್ಲಿ ಕಣ್ಣು ಉಜ್ಜಿರುತ್ತೀರಿ, ಅಥವಾ ಸುಡುವಾಗಿನ ಹೊಗೆ ತಾಗಿರುತ್ತದೆ.

ಕೆಲಸಕ್ಕೆ ಮೊದಲು ಕೈಗೆ ಎಣ್ಣೆ ಬಳಿದುಕೊಳ್ಳುವ ಹಳೆಯ ಪದ್ಧತಿ ಸರಿಯೇ, ಕೈಗವಸು ಅದಕ್ಕಿಂತ ಒಳ್ಳೆಯದು. ತಾಗಿದ ಮೇಲೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಉಗುರಿನ ಅಡಿಯನ್ನೂ. ಉಟ್ಟ ಬಟ್ಟೆ ಬೇರೆಯೇ ಒಗೆಯಿರಿ. ಸುಟ್ಟ ಜಾಗಕ್ಕೆ ಒದ್ದೆಬಟ್ಟೆ, ಆಮೇಲೆ ಪೆಟ್ರೋಲಿಯಂ ಜೆಲ್ಲಿ. ಸುಲಿಯುವ ಸಿಪ್ಪೆಯನ್ನು ಎಳೆಯಬೇಡಿ. ಗುಳ್ಳೆ ದೊಡ್ಡದಾಗಿದ್ದರೆ, ಮುಖ ಊದಿದ್ದರೆ ಡಾಕ್ಟರಿಗೆ ತೋರಿಸಿ. ಕೆಲವು ದಿನ ಸ್ಟೆರಾಯ್ಡ್ (ಬಾವು, ಕೆಂಪು ಇಳಿಸುವ ಜೋರಿನ ಮದ್ದು) ಬೇಕಾಗಬಹುದು, ಅದನ್ನು ಅವರೇ ಬರೆಯಬೇಕು.

ಮಾವಿನ ಸೊನೆ, ಕಾಡಿನ ಚೇರೆ ಮರದ ಸೊನೆ ಎಲ್ಲ ಇದೇ ಕುಟುಂಬ. ಒಂದಕ್ಕೆ ಮೈ ಎದ್ದವರಿಗೆ ಇನ್ನೊಂದಕ್ಕೂ ಏಳಬಹುದು. ಚೇರೆ ತಾಗಿದರೆ ತಾರೆ ಮರಕ್ಕೆ ಸುತ್ತು ಬರಬೇಕೆಂದು ನಮ್ಮ ಕಡೆ ಹಳಬರು ಹೇಳುವುದುಂಟು. ಸುತ್ತು ಬನ್ನಿ, ಬೇಡ ಎನ್ನುವುದಿಲ್ಲ. ಸೋಪು ಹಾಕಿ ತೊಳೆದು ಹೋಗಿ.

ಅಡಿಕೆಗೆ ಮದ್ದು ಬಿಟ್ಟ ಮೇಲೆ ಕೈಕಾಲು ಉರಿ. ಮೈಲುತುತ್ತಿನ ವಿಷವಾ?

ತುತ್ತಿನ ಜೊತೆ ಸುಣ್ಣವೂ ಉಂಟಲ್ಲ. ಅಡಿಕೆಗೆ ಬಿಡುವ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಾಡುವಾಗ ಸುಣ್ಣದ ನೀರು ಹಾರಿದರೆ, ಬಿಡುವಾಗ ಮೇಲಿಂದ ಸುರಿದು ಮಳೆಗೆ ಒದ್ದೆಯಾದ ಬಟ್ಟೆಯಲ್ಲೇ ಇದ್ದರೆ, ಬೆಲ್ಟಿನ ಜಾಗ, ಕುತ್ತಿಗೆ, ತೊಡೆಸಂದಿ ಉರಿಯುತ್ತದೆ. ಕೂಡಲೇ ಬಟ್ಟೆ ಬದಲಿಸಿ, ಚೆನ್ನಾಗಿ ನೀರು ಹೊಯ್ದುಕೊಳ್ಳಿ. ಸುಣ್ಣಕ್ಕೆ ಹುಳಿ ಆಗುತ್ತದೆ ಎಂದು ಲಿಂಬೆ ಉಜ್ಜಬೇಡಿ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಅಂಗಡಿಯ ಕಣ್ಣಿನ ಡ್ರಾಪ್ಸ್ ಕೇಳಿ ಹೊತ್ತು ಕಳೆಯಬೇಡಿ.

ರಾತ್ರಿ ಏನೂ ಕಚ್ಚಿದ್ದು ಗೊತ್ತಿಲ್ಲ. ಬೆಳಿಗ್ಗೆ ನೋಡಿದ್ರೆ ಕುತ್ತಿಗೆಯಲ್ಲಿ ಬರೆ ಎಳೆದ ಹಾಗೆ ಉಂಟು!

ಕಚ್ಚಿಲ್ಲ, ನೀವೇ ಹುಳವನ್ನು ಉಜ್ಜಿದ್ದೀರಿ. ಇರುವೆಯಷ್ಟು ಉದ್ದ, ಕಪ್ಪು ಮತ್ತು ಕಿತ್ತಳೆ ಪಟ್ಟೆ, ಮಳೆಗಾಲದ ಸಂಜೆ ದೀಪಕ್ಕೆ ಬರುತ್ತದೆ. ಪೀಡರಸ್ ಎಂದು ಹೆಸರು. ಅದರ ಮೈಯೊಳಗಿನ ಪೀಡರಿನ್ ಎಂಬ ವಿಷ ಚರ್ಮಕ್ಕೆ ತಾಗಿದರೆ ಒಂದೆರಡು ದಿನದಲ್ಲಿ ಉದ್ದ ಗೆರೆಯಾಗಿ ಸುಡುತ್ತದೆ, ನಡುವೆ ಸಣ್ಣ ಕೀವಿನ ಗುಳ್ಳೆ ಏಳುತ್ತದೆ. ಮೊಣಕೈ ಮಡಚುವಲ್ಲಿ ತಾಗಿದರೆ ಎರಡೂ ಬದಿಯಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಜೋಡಿ ಗುರುತು.

ಜನ ಇದನ್ನು ಸರ್ಪಸುತ್ತು ಎಂದು ಹೆದರುತ್ತಾರೆ. ಅಲ್ಲ. ತೊಳೆದು ತಣ್ಣನೆ ಬಟ್ಟೆ ಇಟ್ಟು, ಕ್ಯಾಲಮೈನ್ ಹಚ್ಚಿದರೆ ಒಂದೆರಡು ವಾರದಲ್ಲಿ ಒಣಗುತ್ತದೆ. ಕಪ್ಪು ಕಲೆ ಸ್ವಲ್ಪ ಕಾಲ ಉಳಿಯುತ್ತದೆ. ಮುಂದಿನ ಸಲ ಮೈ ಮೇಲೆ ಹುಳ ಕೂತರೆ ಬಡಿಯಬೇಡಿ, ಊದಿ ಹಾರಿಸಿ.

ಜೂನ್ ಬಂತೆಂದರೆ ಕಾಲ್ಬೆರಳ ಸಂದಿ ಬೆಳ್ಳಗಾಗಿ ಕೊಳೆಯುತ್ತದೆ. ಪ್ರತಿ ವರ್ಷ ಇದೇ ಕತೆ.

ಗದ್ದೆ, ತೋಟ, ಗಮ್‌ಬೂಟು ಇರುವ ತನಕ ಈ ಕತೆ ಮುಗಿಯುವುದಿಲ್ಲ. ಸಂಜೆ ಕಾಲು ತೊಳೆದು ಬೆರಳ ಸಂದಿಯನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಿ. ಮದ್ದಿಗಿಂತ ಇದೇ ಮುಖ್ಯ. ಆಮೇಲೆ ಫಂಗಸ್ಸಿನ ಮದ್ದು, ಕ್ಲೋಟ್ರಿಮಜೋಲ್ ಶೇ. 1ರ ಕ್ರೀಮ್, ದಿನಕ್ಕೆ ಎರಡು ಸಲ, ನಾಲ್ಕು ವಾರ. ಒಂದು ವಾರಕ್ಕೆ ಗುಣ ಕಂಡಿತೆಂದು ಬಿಟ್ಟವರೇ ಜುಲೈಯಲ್ಲಿ ತಿರುಗಿ ಬರುವವರು.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ಹಗುರವಾಗಿ ನೋಡಬಾರದು. ಆನೆಕಾಲು ಬಾವು ಇರುವವರೂ ಅಷ್ಟೆ. ಬೆರಳ ಸಂದಿಯ ಆ ಸಣ್ಣ ಬಿರುಕಿನಿಂದಲೇ ರೋಗಾಣು ಒಳಗೆ ಹೋಗಿ ಕಾಲು ಕೆಂಪಾಗಿ ಜ್ವರ ಬರುವುದು. ಆನೆಕಾಲಿನ ಚಿಕಿತ್ಸೆಯಲ್ಲಿ ಹೆಸರಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ನಮ್ಮ ಕಾಸರಗೋಡಿನಲ್ಲೇ ಉಂಟು. ಅಲ್ಲಿ ಆಯುರ್ವೇದ, ಅಲೋಪತಿ ಎರಡನ್ನೂ ಸೇರಿಸಿ ಮದ್ದು ಮಾಡುತ್ತಾರೆ. ಅಲ್ಲೂ ಸೋಪು ಹಾಕಿ ಕಾಲು ತೊಳೆದು ಒರೆಸುವುದು ಚಿಕಿತ್ಸೆಯದ್ದೇ ಭಾಗ.

## ಅಂಗಡಿಯ ಮದ್ದು

ಹೋದ ಸಲ ಕೊಟ್ಟ ಟ್ಯೂಬನ್ನೇ ಕೊಡಿ, ಎರಡು ದಿನದಲ್ಲಿ ಹೋಗಿತ್ತು.

ಹೋಗಿತ್ತು ಎಂದರೆ ತಿರುಗಿ ಬಂದಿದೆ ಎಂದಾಯಿತಲ್ಲ! ಈ ಪುಟ ಬರೆಯಲು ಕುಳಿತದ್ದೇ ಈ ಒಂದು ಪ್ರಶ್ನೆಗಾಗಿ.

ನೀವು ಕೇಳುವ ಟ್ಯೂಬಿನಲ್ಲಿ ಹೆಚ್ಚಾಗಿ ಮೂರು ನಾಲ್ಕು ಮದ್ದು ಒಟ್ಟಿಗೆ ಇರುತ್ತವೆ. ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಅದರ ಜೊತೆ ಕ್ಲೋಬೆಟಸಾಲ್ ಅಥವಾ ಬೆಕ್ಲೋಮೆಥಸೋನ್‌ನಂಥ ಸ್ಟೆರಾಯ್ಡ್. ಸ್ಟೆರಾಯ್ಡ್ ಚರ್ಮದ ಬೊಬ್ಬೆಯನ್ನು ನಿಲ್ಲಿಸುತ್ತದೆ. ಕೆಂಪು ಹೋಯಿತು, ತುರಿಕೆ ಹೋಯಿತು, ನಿಮಗೆ ಸಂತೋಷ. ಬಂದ ಫಂಗಸ್ ಮಾತ್ರ ಅಲ್ಲೇ ಉಂಟು. ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ. ಟ್ಯೂಬು ಮುಗಿದು ವಾರ ಕಳೆಯುವಾಗ ಗಜಕರ್ಣ ಎರಡು ಪಟ್ಟು ಅಗಲ. ಉಂಗುರದ ಆಕಾರವೂ ಕೆಟ್ಟುಹೋಗಿ, ಡಾಕ್ಟರಿಗೂ ಗುರುತು ಹಿಡಿಯಲು ಕಷ್ಟ. ತೊಡೆಸಂದಿಯ ಚರ್ಮ ತೆಳುವಾಗಿ ಗೀರು ಬೀಳುತ್ತದೆ. ಆ ಗೀರು ಆಮೇಲೆ ಹೋಗುವುದಿಲ್ಲ.

2018ರಲ್ಲಿ ಕೇಂದ್ರ ಸರಕಾರ 14 ಸ್ಟೆರಾಯ್ಡ್‌ಗಳ ಹಚ್ಚುವ ಮದ್ದನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಹೊರಡಿಸಿತು. ಆದರೂ ಎಷ್ಟೋ ಕಡೆ ಸಿಗುತ್ತದೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ನಾನೂ ಕೊಟ್ಟಿದ್ದೇನೆ, ಕೈ ತುಂಬ. ಈಗ ಕೊಡುವುದಿಲ್ಲ ಎಂದರೆ ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ.

ಗಜಕರ್ಣಕ್ಕೆ ಸ್ಟೆರಾಯ್ಡ್ ಇಲ್ಲದ, ಒಂದೇ ಮದ್ದಿನ ಕ್ರೀಮ್ ತೆಗೆದುಕೊಳ್ಳಿ. ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನ ತನಕ ಹಚ್ಚಿ, ಕಾಣದಾದ ಮೇಲೂ ಎರಡು ವಾರ ಹಚ್ಚಿ. ಅಷ್ಟಕ್ಕೂ ಬಗ್ಗದಿದ್ದರೆ ಚರ್ಮದ ಡಾಕ್ಟರು. ಟರ್ಬಿನಾಫಿನ್ ಎಂಬ ಫಂಗಸ್ ಮದ್ದಿಗೆ ಬಗ್ಗದ ಒಂದು ಫಂಗಸ್ ಈಗ ಹಬ್ಬಿದೆ. 2020ರಲ್ಲಿ ಅದಕ್ಕೆ ಇಟ್ಟ ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿದೆ: ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಮ್ಮೆಪಡುವ ವಿಷಯವಲ್ಲ.

ಮುಖ ಬೆಳ್ಳಗಾಗಲು ಒಂದು ಕ್ರೀಮ್ ಹಚ್ಚುತ್ತಿದ್ದೆ. ಈಗ ನಿಲ್ಲಿಸಿದರೆ ಉರಿ, ಕೆಂಪು, ಮೊಡವೆ. ಏನು ಮಾಡುವುದು?

ಅದೂ ಸ್ಟೆರಾಯ್ಡ್ ಕ್ರೀಮೇ ಇರಬೇಕು. ಮುಖ ಅದಕ್ಕೆ ಒಗ್ಗಿಹೋಗಿದೆ. ಉರಿಯಿತೆಂದು ತಿರುಗಿ ಹಚ್ಚಿದರೆ ಬಲೆ ಇನ್ನೂ ಬಿಗಿಯುತ್ತದೆ. ಎಷ್ಟು ಕಾಲ ಹಚ್ಚಿದಿರಿ ಎಂಬುದರ ಮೇಲೆ ಒಮ್ಮೆಗೇ ಬಿಡುವುದೋ, ಮೆಲ್ಲ ಇಳಿಸುವುದೋ ಎಂದು ಡಾಕ್ಟರು ಹೇಳುತ್ತಾರೆ. ಅಲ್ಲಿಯ ತನಕ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ, ತಣ್ಣೀರಿನ ಬಟ್ಟೆ ಇಡಿ, ಬಿಸಿಲಿಗೆ ಕೊಡೆ ಹಿಡಿಯಿರಿ. ಸರಿಯಾಗಲು ತಿಂಗಳುಗಳೇ ಬೇಕು. ಬೈದುಕೊಳ್ಳಬೇಡಿ, ನಿಮ್ಮ ಹಾಗೆ ತುಂಬ ಜನ ಉಂಟು.

ಹಾಗಾದ್ರೆ ಸ್ಟೆರಾಯ್ಡ್ ಅಂದ್ರೆ ವಿಷವಾ? ಡಾಕ್ಟ್ರು ಮಗನ ಎಕ್ಸಿಮಾಕ್ಕೆ ಬರೆದಿದ್ದಾರೆ.

ವಿಷ ಅಲ್ಲ. ಎಕ್ಸಿಮಾಕ್ಕೆ ಅದೇ ಸರಿಯಾದ ಮದ್ದು. ಹೆದರಿ ಚೂರೇ ಚೂರು ಸವರಿದರೆ ತುರಿಕೆಯೂ ಹೋಗದು, ಹಚ್ಚುವ ದಿನವೂ ಉದ್ದವಾಗುತ್ತದೆ. ಒಂದು ಅಳತೆ ಹೇಳುತ್ತೇನೆ. ದೊಡ್ಡವರ ತೋರುಬೆರಳ ಮೊದಲ ಗೆಣ್ಣಿನ ಉದ್ದಕ್ಕೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಗಲಕ್ಕೆ ಅಷ್ಟು ಸಾಕು. ಎಷ್ಟು ದಿನ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಟ್ಯೂಬನ್ನು ಪಕ್ಕದ ಮನೆಯವರಿಗೆ ಕೊಡಬೇಡಿ.

ತುರಿಕೆಗೆ ಒಂದು ಸೆಟಿರಿಜಿನ್ ನುಂಗಿದರೆ ಆಯ್ತಲ್ಲ?

ಮೈಯೆಲ್ಲ ದಡಿಕೆ ಎದ್ದು, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವ ಪಿತ್ತದ ಗಂದೆಗೆ ಅದು ಚೆನ್ನಾಗಿ ಹಿಡಿಯುತ್ತದೆ. ಎಕ್ಸಿಮಾ, ಫಂಗಸ್, ಕಜ್ಜಿಗೆ ಹೆಚ್ಚು ಪ್ರಯೋಜನ ಇಲ್ಲ. ನಿದ್ದೆ ಬರುವುದರಿಂದ ಕಡಿಮೆ ಆದಂತೆ ಅನಿಸುತ್ತದೆ. ನುಂಗಿ ಬೈಕ್ ಬಿಡಬೇಡಿ, ಅಡಿಕೆ ಮರವನ್ನಂತೂ ಹತ್ತಲೇಬೇಡಿ. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಕೇಳಿಯೇ ತೆಗೆದುಕೊಳ್ಳಬೇಕು.

ಮನೆಯಲ್ಲಿ ಒಬ್ಬೊಬ್ಬರಿಗೇ ಶುರುವಾಯ್ತು. ರಾತ್ರಿ ನಿದ್ದೆ ಇಲ್ಲ.

ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ರಾತ್ರಿ ಜಾಸ್ತಿ, ಮನೆಯವರಿಗೆಲ್ಲ ಉಂಟು. ಹಾಗಾದರೆ ಕಜ್ಜಿ ಎಂದೇ ಹಿಡಿಯಬಹುದು. ಚರ್ಮದೊಳಗೆ ಬಿಲ ತೋಡುವ ಸಣ್ಣ ಜೀವಿಯ ಕೆಲಸ ಇದು. ಇದರಲ್ಲಿ ನಾಚಿಕೆ ಏನಿಲ್ಲ.

ಪರ್ಮೆಥ್ರಿನ್ ಶೇ. 5ರ ಕ್ರೀಮನ್ನು ಕುತ್ತಿಗೆಯಿಂದ ಪಾದದ ತನಕ, ಉಗುರಿನ ಅಡಿಗೂ, ತುರಿಸದ ಜಾಗಕ್ಕೂ ಹಚ್ಚಬೇಕು. ರಾತ್ರಿ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಮೀಯಿರಿ. ವಾರ ಬಿಟ್ಟು ಇನ್ನೊಮ್ಮೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದ ಅಜ್ಜನೂ ಸೇರಿ. ಇಲ್ಲೇ ಎಲ್ಲರೂ ತಪ್ಪುವುದು. ಹೊದಿಕೆ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಅದಕ್ಕೆ ಹೆದರಿ ದಿನಾ ಹಚ್ಚಬೇಡಿ. ಎರಡು ತಿಂಗಳ ಒಳಗಿನ ಮಗು ಇದ್ದರೆ ಡಾಕ್ಟರನ್ನು ಕೇಳಿ.

ಮಗುವಿಗೆ ಯಾವ ಎಣ್ಣೆ ಒಳ್ಳೆಯದು? ಅತ್ತೆ ಕೇಪುಳ ಹೂವಿನದ್ದು ಹೇಳ್ತಾರೆ, ಅಮ್ಮ ನಾಲ್ಪಾಮರದ್ದು ಹೇಳ್ತಾರೆ.

ಅತ್ತೆ, ಅಮ್ಮನ ನಡುವೆ ನಾನು ಬರುವುದಿಲ್ಲ! ಆಲ, ಅರಳಿ, ಅತ್ತಿಯಂಥ ನಾಲ್ಕು ಮರಗಳ ತೊಗಟೆಯ ನಾಲ್ಪಾಮರಾದಿ ಕೇರತೈಲವೂ (ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದು), ಕೇಪುಳ ಹೂ ಹಾಕಿ ಕಾಯಿಸಿದ್ದೂ ಕೇರಳದಲ್ಲಿ ಹಿಂದಿನಿಂದ ಬಂದದ್ದು. ಯಾವುದೇ ಆಗಲಿ, ಮೊದಲು ಮಗುವಿನ ತೋಳಿನಲ್ಲಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಒಡೆದ, ಜಿನುಗುವ ಚರ್ಮಕ್ಕೆ ಬೇಡ. ಬೇವಿನೆಣ್ಣೆಯನ್ನು ಮಗುವಿಗೆ ಹನಿಯಷ್ಟೂ ಕುಡಿಸಬೇಡಿ, ಜೀವಕ್ಕೆ ಅಪಾಯ. ಡೈಪರ್ ಕಟ್ಟಿ ಕೆಂಪಾದರೆ ಸತುವಿನ ಆಕ್ಸೈಡ್ ಕ್ರೀಮ್ ಹಚ್ಚಿ, ದಿನಕ್ಕೆ ಒಂದಷ್ಟು ಹೊತ್ತು ಬರಿಮೈಯಲ್ಲಿ ಬಿಡಿ.

## ಅಂಗಡಿಯಲ್ಲಿ ಮುಗಿಯದ್ದು

ಸರ್ಪಸುತ್ತಿಗೆ ಮಂತ್ರ ಮಾಡಿಸಿ ಕಾವಿ ಬಳಿದಿದ್ದೇವೆ. ಇಂಗ್ಲಿಷ್ ಮದ್ದು ತೆಗೆದ್ರೆ ಹೊಡೆತ ಆಗ್ತದಂತೆ, ಹೌದಾ?

ಆಗುವುದಿಲ್ಲ. ಹಿಂದೆ ಚಿಕನ್‌ಪಾಕ್ಸ್ ಬಂದಾಗ ನರದಲ್ಲಿ ಅಡಗಿದ ವೈರಸ್ಸೇ ವಯಸ್ಸಾದ ಮೇಲೆ, ಶಕ್ತಿ ಕುಂದಿದಾಗ, ಆ ನರದ ದಾರಿಯಲ್ಲಿ ಎದ್ದು ಬರುತ್ತದೆ. ಅದಕ್ಕೇ ಮೈಯ ಒಂದೇ ಬದಿಗೆ ಪಟ್ಟಿಯಾಗಿ ಗುಳ್ಳೆ. ಗುಳ್ಳೆ ಏಳುವ ಮೊದಲೇ ಉರಿನೋವು ಶುರು. ಹಾವಿನ ತಲೆ ಬಾಲ ಕೂಡಿದರೆ ಸಾವು ಎನ್ನುತ್ತಾರಲ್ಲ, ಹೆಚ್ಚಾಗಿ ಅದು ನಡುಗೆರೆ ದಾಟುವುದೇ ಇಲ್ಲ.

ಮಂತ್ರದಿಂದ ಮನಸ್ಸಿಗೆ ಸಮಾಧಾನ ಆಗುವುದಾದರೆ ಆಗಲಿ. ತಡ ಮಾಡುವುದು ಮಾತ್ರ ಬೇಡ. ವೈರಸ್ಸನ್ನು ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದು 72 ಗಂಟೆಯೊಳಗೆ ಶುರು ಮಾಡಿದರೆ ಗುಣ ಜಾಸ್ತಿ. ಕಣ್ಣಿನ ಹತ್ತಿರ, ಮೂಗಿನ ತುದಿಯಲ್ಲಿ ಎದ್ದರೆ ಅದೇ ದಿನ ಹೋಗಿ. ಚಿಕನ್‌ಪಾಕ್ಸ್ ಬಾರದ ಗರ್ಭಿಣಿ, ಹಸುಳೆ ಹತ್ತಿರ ಹೋಗದಿರಲಿ.

ಒಬ್ಬರು ಹೆಸರಿಲ್ಲದ ಡಬ್ಬಿಯಲ್ಲಿ ನಾಟಿಮದ್ದು ಕೊಡ್ತಾರೆ, ಒಂದೇ ದಿನದಲ್ಲಿ ಗುಣ.

ಒಂದೇ ದಿನದಲ್ಲಿ ಗುಣ ಆಯಿತಾ? ಒಳಗೆ ಸ್ಟೆರಾಯ್ಡ್ ಇರಬಹುದು. ಮೇಲೆ ಏನು ಹಾಕಿದ್ದಾರೆಂದು ಬರೆಯದ ಡಬ್ಬಿಯನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ.

ಯಾವಾಗ ಅಂಗಡಿ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು?

ತುಟಿ, ನಾಲಗೆ ಊದಿ ಉಸಿರು ಕಟ್ಟಿದರೆ ಆ ಕ್ಷಣವೇ. ಹೊಸ ಮಾತ್ರೆ ತೆಗೆದುಕೊಂಡ ಮೇಲೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿದರೂ ಹಾಗೆಯೇ. ಕೆಂಪು ಗಂಟೆಗಂಟೆಗೆ ಹರಡಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ. ಇನ್ನೊಂದು, ತುರಿಸದ್ದು: ಬಿಳಿಚಿದ ಮಚ್ಚೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ತುರಿಸುವುದಿಲ್ಲವೆಂದು ಜನ ವರ್ಷಗಟ್ಟಲೆ ಬಿಡುತ್ತಾರೆ. ಕುಷ್ಠ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಪುಕ್ಕಟೆ, ಪೂರ್ತಿ ಗುಣವಾಗುತ್ತದೆ.

ಡಾಕ್ಟ್ರಿಗೆ ಮಲಯಾಳ ಮಾತ್ರ ಬರುವುದು. ಹೇಗೆ ಹೇಳುವುದು?

ತುರಿಕೆಗೆ ‘ಚೊರಿಚ್ಚಿಲ್’, ಉರಿಗೆ ‘ಪುಗಚ್ಚಿಲ್’, ನೋವಿಗೆ ‘ವೇದನ’, ಜೋಮಿಗೆ ‘ಮರವಿಪ್ಪ್’. ಒಂದು ಮಾತಿನಲ್ಲಿ ಎಚ್ಚರ ಬೇಕು. ಮಲಯಾಳದಲ್ಲಿ ‘ನೀರ್’ ಅಂದರೆ ಬಾವು. ನಮ್ಮ ಅಕ್ಕ ಒಬ್ಬರು ಗಾಯದಿಂದ ನೀರು ಬರುತ್ತದೆ ಎನ್ನಲು ‘ನೀರು ವರುನ್ನು’ ಎಂದರು. ಡಾಕ್ಟರು ಬಾವು ಎಲ್ಲಿ ಎಂದು ಕಾಲಿಡೀ ಒತ್ತಿ ನೋಡಿದರಂತೆ. ಜಿನುಗುವುದಕ್ಕೆ ‘ವೆಳ್ಳಂ ಒಲಿಕ್ಕುನ್ನು’ ಎನ್ನಿ. ಮಾತು ಬಾರದಿದ್ದರೂ ತೊಂದರೆ ಇಲ್ಲ, ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ.